ಈಚ್ ಅಂದ್ರೆ ಎಷ್ಟು ಜನ?

ಹೋದ ಸೆಮಿಸ್ಟರಿನಲ್ಲಿ ಕ್ಯಾಂಪಸ್ಸಿಗೆ ಬಂದ ಒಂದು ಕಂಪನಿಯ ಆನ್‌ಲೈನ್ ಟೆಸ್ಟಿಗೆ ನಮ್ಮ ರೂಮಿನ ನಾಲ್ಕೂ ಜನ ಕೂತಿದ್ದೆವು. ಸಂಜೆ ಲಿಸ್ಟ್ ಬಂತು. ಮೂವರ ಹೆಸರಿತ್ತು, ಚಳ್ಳಕೆರೆಯ ಹೆಸರಿರಲಿಲ್ಲ. ಚಳ್ಳಕೆರೆ ಅಂದ್ರೆ ಇಲ್ಲಿ ಊರಲ್ಲ, ಆ ಊರಿಂದ ಬಂದ ನಮ್ಮ ರೂಮ್‌ಮೇಟು. ಅವನ ಅಸಲಿ ಹೆಸರು ವಾರ್ಡನ್ ರಿಜಿಸ್ಟರ್ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿಲ್ಲ. ಎರಡೂ ಕೋಡಿಂಗ್ ಪ್ರಶ್ನೆಗಳನ್ನು ನಮಗಿಂತ ಮೊದಲು ಮುಗಿಸಿದವನು ಅವನೇ. ನಮ್ಮಲ್ಲಿ ಇಬ್ಬರಿಗೆ ಲಿಂಕ್ಡ್ ಲಿಸ್ಟ್ ಹೇಳಿಕೊಟ್ಟವನೂ ಅವನೇ. ವರ್ಬಲ್ ಸೆಕ್ಷನ್ನಿನ ಕಟಾಫ್ ಅವನನ್ನು ಕೆಡವಿತ್ತು.

ಅವತ್ತು ರಾತ್ರಿ ಮೆಸ್ಸಿನ ಅನ್ನ ಸಾರು ಯಾರಿಗೂ ಇಳಿಯಲಿಲ್ಲ. (ಬೇರೆ ದಿನವೂ ಇಳಿಯೋದಿಲ್ಲ, ಆ ಮಾತು ಬೇರೆ.) ನೆನಪಿದ್ದ ಪ್ರಶ್ನೆಗಳನ್ನು ಹಾಳೆ ಮೇಲೆ ಬರೆದುಕೊಂಡು ಕೂತೆವು. ಮೊದಲನೆಯದು ಈ ಥರ ಇತ್ತು: 'ಈಚ್ ಆಫ್ ದ ಎಂಜಿನಿಯರ್ಸ್ ಹ್ಯಾಡ್ ಟು ಸಬ್ಮಿಟ್ ದೇರ್ ರಿಪೋರ್ಟ್.' ಚಳ್ಳಕೆರೆ 'ತಪ್ಪಿಲ್ಲ' ಅಂತ ಕೊಟ್ಟಿದ್ದ. ನಾವು ಮೂವರೂ ಅದನ್ನೇ ಕೊಟ್ಟಿದ್ದೆವು! ಇಂಥ ಟೆಸ್ಟುಗಳ ಲೆಕ್ಕದಲ್ಲಿ ಈಚ್ ಏಕವಚನ, ಹಿಂದೆ ಎಷ್ಟು ಜನ ಎಂಜಿನಿಯರ್‌ಗಳು ನಿಂತಿದ್ದರೂ. ಆದ್ದರಿಂದ 'ಹಿಸ್ ಆರ್ ಹರ್' ಆಗ್ಬೇಕು. ಕನ್ನಡದಲ್ಲಿ ನಾವು 'ಪ್ರತಿಯೊಬ್ಬರೂ ತಮ್ಮ ರೆಕಾರ್ಡ್ ತನ್ನಿ' ಅಂತೀವಿ. ಒಬ್ಬರು ಅಂತ ಎಣಿಸಿದರೂ ಬಹುವಚನ, ಮರ್ಯಾದೆ ಬೇರೆ ಸೇರಿಕೊಂಡಿರುತ್ತೆ.

ಎರಡನೆಯದು 'ದ ಕಂಪನಿ ಹ್ಯಾಸ್ ರಿವೈಸ್ಡ್ ದೇರ್ ಪಾಲಿಸಿ.' ಇಲ್ಲಿ 'ಇಟ್ಸ್' ಬೇಕು. ಆದರೆ ಯಾರಾದರೂ 'ಕಂಪನಿ ಕರೆದಿದೆ, ಅದು ಆಫರ್ ಕೊಡುತ್ತೆ' ಅಂತ ಮನೆಯಲ್ಲಿ ಹೇಳ್ತಾರಾ? 'ಕಂಪನಿಯವರು ಕರೆದಿದ್ದಾರೆ' ಅಂತೀವಿ. ಕೆಲಸ ಕೊಡೋರನ್ನ ಅದು ಇದು ಅನ್ನೋದಕ್ಕೆ ನಾಲಿಗೆ ಬರೋದಿಲ್ಲ.

ಮೂರನೆಯದರಲ್ಲಿ ಸರ್ವನಾಮವೇ ಇರಲಿಲ್ಲ. 'ಮೆನಿ ಸ್ಟೂಡೆಂಟ್ಸ್ ವಾಂಟ್ ಟು ಬಿಕಮ್ ಆನ್ ಎಂಜಿನಿಯರ್.' ಅಷ್ಟೂ ಜನ ಸೇರಿ ಒಬ್ಬ ಎಂಜಿನಿಯರ್ ಆಗೋಕೆ ಸಾಧ್ಯವಿಲ್ಲವಾದ್ದರಿಂದ 'ಎಂಜಿನಿಯರ್ಸ್' ಅನ್ನಬೇಕಂತೆ. ಕನ್ನಡದಲ್ಲಿ 'ನಾವೆಲ್ಲ ಎಂಜಿನಿಯರ್ ಆಗ್ಬೇಕು' ಅಂದ್ರೆ ಯಾರಿಗೂ ಗೊಂದಲವಿಲ್ಲ. ಹತ್ತು ಪುಸ್ತಕ ಕೊಂಡೆ, ಎರಡು ಮೊಬೈಲ್ ಇದೆ ಅಂತೀವಿ. ಸಂಖ್ಯೆ ಒಂದು ಸಲ ಹೇಳಿದ ಮೇಲೆ 'ಗಳು' ಯಾಕೆ ಬೇಕು?

ಅಂದ್ರೆ ಹತ್ತನೆಯವರೆಗೆ ಕನ್ನಡ ಮೀಡಿಯಂನಲ್ಲಿ ಓದಿದ ಚಳ್ಳಕೆರೆ ಕನ್ನಡದ ಲೆಕ್ಕ ಸರಿಯಾಗಿಯೇ ಮಾಡಿದ್ದ. ನಾವು ಮೂವರು ಇಂಗ್ಲಿಷ್ ಮೀಡಿಯಂನವರು, ಕಿವಿಗೆ ಯಾವುದು ಚೆನ್ನಾಗಿ ಕೇಳಿಸ್ತೋ ಅದಕ್ಕೆ ಟಿಕ್ ಹಾಕಿದ್ದೆವು. ನಿಯಮ ಕೇಳಿದ್ರೆ ನಮಗೂ ಗೊತ್ತಿರಲಿಲ್ಲ. ಇದು ಗೊತ್ತಾದ ಮೇಲೆ ಲಿಸ್ಟಿನಲ್ಲಿದ್ದ ನಮ್ಮ ಹೆಸರುಗಳನ್ನು ನೋಡೋಕೆ ಸ್ವಲ್ಪ ಮುಜುಗರವಾಯ್ತು.

ಹಾಗಂತ ನಿಯಮಗಳೇನು ಕಲ್ಲಲ್ಲಿ ಕೆತ್ತಿದ್ದಲ್ಲ. 2002ರಲ್ಲಿ ಅಮೆರಿಕದ ಹೈಸ್ಕೂಲ್ ಮಕ್ಕಳು ಬರೆಯುವ ಪಿಎಸ್ಎಟಿ ಪರೀಕ್ಷೆಯಲ್ಲಿ ಕಾದಂಬರಿಕಾರ್ತಿ ಟೋನಿ ಮಾರಿಸನ್ ಬಗ್ಗೆ ಒಂದು ವಾಕ್ಯ ಬಂದಿತ್ತು. 'ಮಾರಿಸನ್ಸ್ ಜೀನಿಯಸ್' ಅಂತ ಶುರುವಾಗಿ ಮುಂದೆ 'ಹರ್' ಅಂತ ಬರುತ್ತೆ. ಕೀ ಉತ್ತರ, ತಪ್ಪಿಲ್ಲ. ಮೇರಿಲ್ಯಾಂಡ್‌ನ ಒಬ್ಬ ಮೇಷ್ಟ್ರು ತಕರಾರು ತೆಗೆದರು: 'ಹರ್' ಬೆರಳು ಮಾಡಬೇಕಾದ್ದು ನಾಮಪದದ ಕಡೆಗೆ, ಆದರೆ ವಾಕ್ಯದಲ್ಲಿ 'ಮಾರಿಸನ್' ಇಲ್ಲ, ಷಷ್ಠಿ ವಿಭಕ್ತಿಯ 'ಮಾರಿಸನ್ಸ್' ಇದೆ, ಅದು ವಿಶೇಷಣದ ಕೆಲಸ ಮಾಡ್ತಿದೆ. ಪರೀಕ್ಷೆ ನಡೆಸುವವರು ಮೊದಲು ಒಪ್ಪಲಿಲ್ಲ. ಮೇಷ್ಟ್ರು ಬಿಡಲಿಲ್ಲ. ಕೊನೆಗೆ 2003ರಲ್ಲಿ ಆ ಪ್ರಶ್ನೆ ಕೈಬಿಟ್ಟು ಅಂಕಗಳನ್ನು ಮತ್ತೆ ಲೆಕ್ಕ ಹಾಕಿದರು. ಹಾಗಂತ ಆ ನಿಯಮವನ್ನೇ ಒಪ್ಪದ ವ್ಯಾಕರಣಜ್ಞರೂ ಇದ್ದಾರೆ. ಇನ್ನು ಒಬ್ಬರಿಗೇ 'ದೇ' ಬಳಸುವುದನ್ನು 2019ರ ಎಪಿಎ ಶೈಲಿ ಕೈಪಿಡಿಯೇ ಒಪ್ಪಿಕೊಂಡಿದೆ. 2023ರ ಕೊನೆಗೆ ಬಂದ ಹೊಸ ಜಿಮ್ಯಾಟ್‌ನಲ್ಲಿ ಸೆಂಟೆನ್ಸ್ ಕರೆಕ್ಷನ್ನೇ ಇಲ್ಲ. ನಮ್ಮ ಪ್ಲೇಸ್‌ಮೆಂಟ್ ಟೆಸ್ಟಿಗೆ ಮಾತ್ರ ಈ ಸುದ್ದಿಗಳು ಮುಟ್ಟಿದ ಹಾಗಿಲ್ಲ.

ಇದನ್ನೆಲ್ಲ ನಾವು ಜೋರಾಗಿ ವಾದಿಸ್ತಿದ್ದರೆ ಚಳ್ಳಕೆರೆ ಸುಮ್ಮನೆ ಹಾಳೆ ನೋಡ್ತಿದ್ದ. ಆಮೇಲೆ, "ಲೇ, ಇದು ಪಾಯಿಂಟರ್ ಕಣ್ರೋ" ಅಂದ. ಸರ್ವನಾಮ ಒಂದು ಪಾಯಿಂಟರ್. ಅದು ಯಾವ ನಾಮಪದವನ್ನು ತೋರಿಸ್ತಿದೆ ಹುಡುಕು, ಬಾಣ ಎಳಿ, ಟೈಪ್ ಹೊಂದುತ್ತಾ ನೋಡು. ಬಾಣ ಎಲ್ಲಿಗೂ ಹೋಗದಿದ್ರೆ ನಲ್ ಪಾಯಿಂಟರ್, ತಪ್ಪು. ಎರಡು ಕಡೆ ಹೋದ್ರೂ ತಪ್ಪು. 'ರಾಮ್ ಟೋಲ್ಡ್ ಶ್ಯಾಮ್ ದಟ್ ಹಿಸ್ ಬೈಕ್ ವಾಸ್ ಸ್ಟೋಲನ್' ಅಂದ್ರೆ ಯಾರ ಬೈಕು? ಕನ್ನಡದಲ್ಲಿ 'ತನ್ನ' ಅಂದ್ರೆ ರಾಮನದು, 'ಅವನ' ಅಂದ್ರೆ ರಾಮನದಂತೂ ಅಲ್ಲ. ಇಂಗ್ಲಿಷಿನವರಿಗೆ ಅಷ್ಟು ಸೌಕರ್ಯವಿಲ್ಲ ಪಾಪ.

ಆಮೇಲೆ ಎರಡು ವಾರ ದಿನಾ ರಾತ್ರಿ ಇಪ್ಪತ್ತು ವಾಕ್ಯ, ಪೆನ್ಸಿಲ್ಲಿನಲ್ಲಿ ಬಾಣ. 'ದ ಮಾರ್ಕ್ಸ್ ಆಫ್ ಅವರ್ ಸೆಕ್ಷನ್ ಆರ್ ಹೈಯರ್ ದ್ಯಾನ್ ದಟ್ ಆಫ್ ಬಿ ಸೆಕ್ಷನ್' ಅನ್ನೋದು ನಮಗೆ ಮೂವರಿಗೂ ಸರಿಯಾಗೇ ಕೇಳಿಸ್ತು. ಚಳ್ಳಕೆರೆ ಬಾಣ ಎಳೆದ. ಅದು ಹೋಗಿ 'ಮಾರ್ಕ್ಸ್'ಗೆ ಮುಟ್ಟಿತು, 'ದಟ್' ಹೊಡೆದು 'ದೋಸ್' ಬರೆದ.

ಮುಂದಿನ ಕಂಪನಿಯ ಟೆಸ್ಟಿನಲ್ಲಿ ಅವನು ವರ್ಬಲ್ ದಾಟಿದ. ಇಂಟರ್‌ವ್ಯೂ ಇನ್ನೂ ಆಗಿಲ್ಲ. ಮೊನ್ನೆ ಎಚ್ಆರ್‌ಗೆ ಮೇಲ್ ಬರೆಯುವಾಗ ಕಂಪನಿಗೆ 'ದೇರ್' ಅಂತ ಟೈಪ್ ಮಾಡಿ, ನಿಂತು, ಅಳಿಸಿ, 'ಇಟ್ಸ್' ಹಾಕಿದ್ದನ್ನು ನಾವು ಹಿಂದಿನಿಂದ ನೋಡಿದೆವು. ಸೆಂಡ್ ಒತ್ತಿ ಅಮ್ಮನಿಗೆ ಫೋನ್ ಮಾಡಿದ. "ಹೂಂ ಅಮ್ಮಾ, ಅವರು ಸೋಮವಾರ ಕರೀತಾರಂತೆ."