ಅಂಗಿ ಎಲ್ಲರದೂ ಬಿಳಿ

ಹೊಲದ ಮಣ್ಣು ಕಪ್ಪು, ಮನೆಯ ಫರಸಿ ಬೂದು, ವಾಡಿ ಕಡೆಯಿಂದ ಬೀಸುವ ಗಾಳಿಯಲ್ಲಿ ಸಿಮೆಂಟಿನ ದೂಳು. ಇಂಥ ಚಿತ್ತಾಪುರ ಸೀಮೆಯ ಗಂಡಸರು ಮೈಮೇಲೆ ಹಾಕಿಕೊಳ್ಳಲು ಆರಿಸಿಕೊಂಡದ್ದು ಬಿಳಿಯನ್ನು. 42 ಡಿಗ್ರಿ ದಾಟುವ ಬಿಸಿಲು ಅದಕ್ಕೆ ಅರ್ಧ ಕಾರಣ. ಇನ್ನರ್ಧ ಬರೀ ಹಟ ಎಂದು ನನ್ನ ಅನುಮಾನ.

ತೊಗರಿ ರಾಶಿ ಮುಗಿಸಿ ಬೀಗರ ಲಗ್ನಕ್ಕೆ ಹೊರಟ ಗುಂಡಗುರ್ತಿಯ ಹಿರಿಯರನ್ನು ನೋಡಬೇಕು. ಬಿಳಿ ದೋತ್ರ, ಬಿಳಿ ನೆಹರು ಅಂಗಿ, ತಲೆಗೆ ರುಮಾಲು, ಹೆಗಲಿಗೆ ಟವೆಲ್. ಪಕ್ಕದಲ್ಲಿ ನಿಂತವರದೂ ಅದೇ ವೇಷ. ಆದರೂ ಬಸ್ಸಿನ ಕಿಟಕಿಯಿಂದಲೇ ಗುರುತು ಹತ್ತುತ್ತದೆ, ಮುಖ ಕಾಣುವ ಮೊದಲೇ. ಒಬ್ಬರ ರುಮಾಲಿನ ಸುತ್ತು ಬಲಗಿವಿಯ ಮೇಲೆ ಇಳಿದಿರುತ್ತದೆ. ಇನ್ನೊಬ್ಬರು ತುದಿಯನ್ನು ಬೆನ್ನಿಗೆ ಬಿಟ್ಟಿರುತ್ತಾರೆ. ಟವೆಲನ್ನು ನಾಕು ಮಡಿಕೆ ಮಾಡಿ ಹೆಗಲಿಗೆ ಹಾಕಿದವರು ಲೆಕ್ಕದ ಮನುಷ್ಯ. ಕೊರಳಿಗೆ ಸುತ್ತಿಕೊಂಡವರನ್ನು ಎರಡನೇ ಸಲ ಚಹಾಕ್ಕೆ ಕರೆಯಬೇಕಿಲ್ಲ, ತಾವೇ ಬರುತ್ತಾರೆ. ಸರಪಳಿ ಕೂಡಿಸಿದ ಬೆಳ್ಳಿ ಗುಂಡಿ ಹಾಕಿದವರೂ ಉಂಟು. ಆದರೆ ಗುಂಡಿ ಹೊಳೆಯುವಾಗ ಕೈಗಡಿಯಾರವೂ ಹೊಳೆಯಬಾರದು. ಒಂದು ಶೋಕಿ ಅಂದ, ಎರಡಾದರೆ ಮದುಮಗ.

ಬಟ್ಟೆಯ ಬಿಳಿಯಲ್ಲೂ ತರತಮ ಇದೆ. ಶಹಾಬಾದಿ ಕಲ್ಲಿನ ಮೇಲೆ ಒಗೆದು, ನೀಲಿ ಅದ್ದಿ, ಗಂಜಿ ಹಾಕಿ, ಇಸ್ತ್ರಿಯ ಗೆರೆ ಮುರಿಯದಂತೆ ಹಾಕಿಕೊಂಡದ್ದು ಒಂದು ಬಿಳಿ. ನೀಲಿ ಹೆಚ್ಚಾಗಿ ಬಾನಿನ ಬಣ್ಣಕ್ಕೆ ತಿರುಗಿದ್ದು ಇನ್ನೊಂದು. ಆ ನೀಲಿ ಯಾರ ಕೈಯದೆಂದು ಊರಿನ ಹೆಂಗಸರಿಗೆ ಗೊತ್ತು. ಗಂಡಸರ ಈ ಠೀವಿಯ ದೊಡ್ಡ ಪಾಲು ಹಿತ್ತಲಲ್ಲಿ ಬಟ್ಟೆ ಕುಕ್ಕುವವರದು. ಅವರ ಸ್ವಂತದ ಆಟವೆಲ್ಲ ಇಳಕಲ್ ಸೀರೆಗೆ ಎಂಥ ಖಣದ ಕುಪ್ಪಸ ಎಂಬುದರಲ್ಲಿ. ಅದು ಬೇರೆಯೇ ಪುರಾಣ.

ಈ ಬಿಳಿಯೇನು ಅನಾದಿಯಲ್ಲ. ನಿಜಾಮರ ಕಾಲದಲ್ಲಿ ಕಚೇರಿಗೂ ಉಸ್ಮಾನಿಯಾ ವಿಶ್ವವಿದ್ಯಾಲಯಕ್ಕೂ ಶೇರ್ವಾನಿಯೇ ಮರ್ಯಾದೆಯ ಉಡುಪು. 1948ರ ಸೆಪ್ಟೆಂಬರಿನಲ್ಲಿ ಆಳ್ವಿಕೆ ಬದಲಾಯಿತು. ನೆಹರು ಅಂಗಿ ಮುಂದಿನ ಸಾಲಿಗೆ ಬಂತು, ಶೇರ್ವಾನಿ ಲಗ್ನದ ಮಂಟಪಕ್ಕೆ ಸರಿಯಿತು. ತಲೆಗೆ ಬಟ್ಟೆ ಸುತ್ತುವ ಚಟ ಮಾತ್ರ ಬಹಳ ಹಳೆಯದು. ಇದೇ ತಾಲ್ಲೂಕಿನ ಸನ್ನತಿಯ ಬಳಿ, ಕನಗನಹಳ್ಳಿಯ ಸ್ತೂಪದಲ್ಲಿ, ‘ರಾಯಾ ಅಸೋಕೋ’ ಎಂದು ಬ್ರಾಹ್ಮಿಯಲ್ಲಿ ಹೆಸರು ಕೊರೆದ ಅಶೋಕನ ಶಿಲ್ಪ ಸಿಕ್ಕಿತಲ್ಲ, ಅಲ್ಲಿನ ಕಲ್ಲುಗಳಲ್ಲಿ ರುಮಾಲಿನ ಗಂಡಸರನ್ನು ಹುಡುಕಿ ನೋಡಿ. ಸುಮಾರು ಎರಡು ಸಾವಿರ ವರ್ಷದ ಹಿಂದೆಯೇ ಗಂಟು ಮುಂದಕ್ಕೋ ಪಕ್ಕಕ್ಕೋ ಎಂಬ ಚಿಂತೆ ಇತ್ತು.

ಹೆಗಲ ಮೇಲಿನ ಒಂದು ಬಟ್ಟೆ ಎಷ್ಟು ಮಾತಾಡಿಸಬಲ್ಲದು ಎಂಬುದಕ್ಕೆ ದಿಲ್ಲಿಯೂ ಸಾಕ್ಷಿ. 2008ರಲ್ಲಿ ಚಿತ್ತಾಪುರದಿಂದ ಶಾಸಕರಾಗಿದ್ದ ಮಲ್ಲಿಕಾರ್ಜುನ ಖರ್ಗೆಯವರು 2023ರ ಫೆಬ್ರುವರಿಯಲ್ಲಿ ರಾಜ್ಯಸಭೆಗೆ ಹಾಕಿಕೊಂಡು ಬಂದ ಸ್ಕಾರ್ಫು ಲೂಯಿ ವಿಟಾನ್ ಎಂಬ ದುಬಾರಿ ಮಾರ್ಕಿನದೆಂದು ಸುದ್ದಿಯಾಯಿತು. ಅದೇ ದಿನಗಳಲ್ಲಿ ಪ್ರಧಾನಿಯವರದು ಪ್ಲಾಸ್ಟಿಕ್ ಬಾಟಲಿಯಿಂದ ತಯಾರಾದ ನೀಲಿ ಜಾಕೆಟ್ಟು. ಇಬ್ಬರ ಉಳಿದ ಉಡುಪಿನ ಬಗ್ಗೆ ಯಾರೂ ಸೊಲ್ಲೆತ್ತಲಿಲ್ಲ.

ಈಗಿನ ಹುಡುಗರು ನೆಹರು ಅಂಗಿಯನ್ನು ಜೀನ್ಸಿನ ಮೇಲೆ ಹಾಕುತ್ತಾರೆ, ಕಾಜಾಕ್ಕೆ ಕೆಂಪು ದಾರ ಕೇಳುತ್ತಾರೆ. ನನಗದು ಇಷ್ಟ. ಹಳೆಯ ಅಂಗಿಗೆ ಹೊಸ ತಂಟೆ ಬೇಕೇ ಬೇಕು. ಮೊನ್ನೆ ಒಬ್ಬ ಮೊಬೈಲಿನಲ್ಲಿ ಚಿತ್ರ ತೋರಿಸಿ, ಕಾಲರು, ಕಿಸೆ, ತೋಳು, ಎಲ್ಲ ಕಡೆ ಕೆಂಪು ದಾರ ಬೇಕೆಂದ. ಟೇಲರು ಕನ್ನಡಕದ ಮೇಲಿಂದ ನೋಡಿದರು.

‘ಎಲ್ಲಾ ಕಡೆ ಹಾಕಿದ್ರ ಬ್ಯಾಂಡಿನವ್ರ ಡ್ರೆಸ್ ಆಗ್ತದ ನೋಡಪ್ಪಾ. ಒಂದ್ ಕಡೆ ಹೇಳು.’

ಹುಡುಗ ಬಹಳ ಹೊತ್ತು ಯೋಚಿಸಿದ. ‘ಹಂಗಾರ ಕಿಸೆಕ್ಕ ಹಾಕ್ರಿ ಕಾಕಾ,’ ಅಂದ. ‘ಮೊಬೈಲ್ ಇಟ್ರೂ ಕಾಣಂಗಿರ್ಬೇಕು.’