ಸ್ಯಾನ್ ಹೋಸೆ ನಗರವೂ ಐವರು ವಿದ್ಯಾರ್ಥಿಗಳೂ

ಅಮೆರಿಕದ ಪಶ್ಚಿಮ ತೀರದ ಕ್ಯಾಲಿಫೋರ್ನಿಯ ಸಂಸ್ಥಾನದಲ್ಲಿ, ಸ್ಯಾನ್ ಫ್ರಾನ್ಸಿಸ್ಕೋ ಪಟ್ಟಣಕ್ಕೆ ಆಗ್ನೇಯವಾಗಿ ಸುಮಾರು ಐವತ್ತು ಮೈಲಿಗಳ ದೂರದಲ್ಲಿ ಸ್ಯಾನ್ ಹೋಸೆ ಎಂಬ ನಗರವುಂಟು. ಬರಹದಲ್ಲಿ ಜಕಾರವು ಕಂಡರೂ ಸ್ಪ್ಯಾನಿಷ್ ಭಾಷೆಯ ಪದ್ಧತಿಯಂತೆ ಅದನ್ನು ಹಕಾರವಾಗಿ ಉಚ್ಚರಿಸುವರು. ೧೭೭೭ರಲ್ಲಿ ಸ್ಪೇನಿನವರು ಗ್ವಾಡಲೂಪೆ ನದಿಯ ದಡದಲ್ಲಿ ಕಟ್ಟಿದ ಊರಿದು. ನಮ್ಮ ಮಗಳೂ ಅಳಿಯಂದಿರೂ ಉದ್ಯೋಗದ ನಿಮಿತ್ತವಾಗಿ ಆ ಪ್ರಾಂತದಲ್ಲಿ ನೆಲಸಿರುವುದರಿಂದ ನಮಗೆ ಅಲ್ಲಿ ಕೆಲವು ತಿಂಗಳು ಇರುವ ಸಂದರ್ಭವು ಒದಗಿತು. ನಮ್ಮ ವಾಚಕರಲ್ಲಿಯೂ ಅನೇಕರ ಮಕ್ಕಳು ಅಲ್ಲಿರಬಹುದು. ಆ ಕಣಿವೆಯ ಗಣಕಯಂತ್ರೋದ್ಯಮದ ವಿಚಾರವನ್ನು ಅವರೇ ನಮಗಿಂತ ಚೆನ್ನಾಗಿ ಬಲ್ಲರು. ಆದಕಾರಣ ಅದನ್ನು ಬಿಟ್ಟು, ಅದೇ ಊರಿನ ಐವರು ಹುಡುಗರು ಒಂದೇ ಒಂದು ಹಾಡಿನಿಂದ ದೇಶದಲ್ಲೆಲ್ಲ ಹೆಸರುಗೊಂಡ ವೃತ್ತಾಂತವನ್ನು ಹೇಳಬೇಕೆಂದಿದ್ದೇವೆ. ಉಪಾಧ್ಯಾಯ ವೃತ್ತಿಯಲ್ಲಿ ಕೂದಲು ನರೆತ ನಮಗೆ ಆ ವೃತ್ತಾಂತವು ಬಹಳ ವಿಚಾರಾರ್ಹವಾಗಿ ತೋರಿತು.

ಈ ನಗರವಿರುವ ಸಾಂತಾ ಕ್ಲಾರಾ ಕಣಿವೆಯು ಎರಡು ಬೆಟ್ಟಸಾಲುಗಳ ನಡುವಣ ಸಮಭೂಮಿ. ಮಳೆಯೆಲ್ಲ ಚಳಿಗಾಲದಲ್ಲಿಯೇ ಬಿದ್ದುಹೋಗುತ್ತದೆ; ಬೇಸಗೆಯಲ್ಲಿ ಹನಿಯೂ ಇಲ್ಲ. ಬಿಸಿಲಿನಲ್ಲಿ ಹಣ್ಣನ್ನು ಒಣಗಿಸುವುದಕ್ಕೆ ಇಂತಹ ಹವೆಯು ಪ್ರಶಸ್ತವಾದುದು. ೧೮೫೬ರಲ್ಲಿ ಫ್ರಾನ್ಸಿನಿಂದ ತಂದು ನೆಟ್ಟ ಪ್ರೂನ್ ಎಂಬ ಹಣ್ಣಿನ ಗಿಡವು ಇಲ್ಲಿ ವಂಶ ಬೆಳೆಸಿತು. ಜರ್ದಾಳು, ಚೆರ್ರಿಗಳೂ ಅದರ ಜೊತೆಗೂಡಿದವು. ವಸಂತದಲ್ಲಿ ಕಣಿವೆಗೆ ಕಣಿವೆಯೇ ಬಿಳಿಯ ಹೂವಿನಿಂದ ಮುಚ್ಚಿಹೋಗುತ್ತಿದ್ದುದರಿಂದ ಜನರು ಅದಕ್ಕೆ ‘ಹೃದಯಾನಂದದ ಕಣಿವೆ’ ಎಂಬ ಅರ್ಥದ ಹೆಸರನ್ನಿಟ್ಟಿದ್ದರು. ಎರಡನೆಯ ಮಹಾಯುದ್ಧದ ತರುವಾಯ ಈ ಸ್ಥಿತಿಯು ಬದಲಾಯಿತು. ೧೯೫೦ರಲ್ಲಿ ಸುಮಾರು ೯೫ ಸಾವಿರವಿದ್ದ ನಗರದ ಜನಸಂಖ್ಯೆಯು ೧೯೬೦ರಲ್ಲಿ ಎರಡು ಲಕ್ಷವನ್ನೂ ೧೯೭೦ರಲ್ಲಿ ನಾಲ್ಕು ಲಕ್ಷವನ್ನೂ ಮೀರಿತು. ತೋಟಗಳನ್ನು ಕಡಿದು ಸಾಲುಸಾಲಾಗಿ ಮನೆಗಳನ್ನು ಕಟ್ಟಿದರು. ಪ್ರತಿಯೊಂದು ಮನೆಗೂ ಒತ್ತಿನಲ್ಲಿ ಗ್ಯಾರೇಜು ಎಂಬ ಮೋಟಾರಿನ ಕೊಟ್ಟಿಗೆ ಇದ್ದಿತು.

ಈ ಕೊಟ್ಟಿಗೆಗಳಿಗೆ ಮೋಟಾರು ನಿಲ್ಲಿಸುವುದಲ್ಲದೆ ಬೇರೆ ಪ್ರಯೋಜನಗಳೂ ಉಂಟಾದವು. ಇದೇ ಕಣಿವೆಯ ಪಾಲೊ ಆಲ್ಟೊ ಊರಿನ ಒಂದು ಕೊಟ್ಟಿಗೆಯಲ್ಲಿ ಹ್ಯೂಲೆಟ್ ಮತ್ತು ಪ್ಯಾಕರ್ಡ್ ಎಂಬ ಇಬ್ಬರು ತರುಣರು ವಿದ್ಯುದುಪಕರಣಗಳನ್ನು ಮಾಡಲಾರಂಭಿಸಿ ೧೯೩೯ರಲ್ಲಿ ತಮ್ಮ ಸಂಸ್ಥೆಯನ್ನು ಸ್ಥಾಪಿಸಿದರು. ೧೯೬೦ರ ದಶಕದಲ್ಲಿ ಹುಡುಗರು ಅಂತಹ ಕೊಟ್ಟಿಗೆಗಳಲ್ಲಿಯೇ ವಿದ್ಯುತ್ ಗಿಟಾರುಗಳನ್ನೂ ನಗಾರಿಗಳನ್ನೂ ಕೂಡಿಸಿಕೊಂಡು ಹಾಡತೊಡಗಿದರು. ಗುರುವಿಲ್ಲ, ಪಾಠಕ್ರಮವಿಲ್ಲ, ಇಂಗ್ಲೆಂಡಿನಿಂದ ಬಂದ ಗ್ರಾಮಫೋನು ತಟ್ಟೆಗಳೇ ಗುರು. ಅಮೆರಿಕದ ಊರೂರುಗಳಲ್ಲಿ ಹುಟ್ಟಿದ ಈ ಸಂಗೀತಕ್ಕೆ ಮುಂದೆ ‘ಗ್ಯಾರೇಜ್ ರಾಕ್’ ಎಂಬ ಹೆಸರಾಯಿತು. ಕೊಟ್ಟಿಗೆಯ ಸಂಗೀತವೆಂದರೆ ಸರಿಯಾದೀತು.

ಸ್ಯಾನ್ ಹೋಸೆಯಲ್ಲಿ ಜಾನ್ ಮಿಕಾಲ್‌ಸ್ಕಿ, ರಾಯ್ ಚೇನಿ ಎಂಬ ಇಬ್ಬರು ಶಾಲೆಯ ಗೆಳೆಯರು ೧೯೬೪ರ ಸುಮಾರಿಗೆ ಇಂತಹದೊಂದು ಮೇಳವನ್ನು ಕಟ್ಟಿದರು. ಐರ್ಲೆಂಡಿನಿಂದ ಬಂದಿದ್ದ ಜಾನ್ ಬರ್ನ್, ಮೌತ್ ಆರ್ಗನ್ ಊದುವ ಕೆನ್ ಎಲ್ನರ್, ನಗಾರಿಯ ಕ್ರೇಗ್ ಆಟ್ಕಿನ್‌ಸನ್ ಇವರು ಸೇರಿ ಐವರಾದರು. ಮೇಳದ ಹೆಸರು ‘ಕೌಂಟ್ ಫೈವ್’. ಕೌಂಟ್ ಎಂದರೆ ಯುರೋಪಿನ ಒಂದು ಜಹಗೀರುದಾರ ಪದವಿ. ರಕ್ತ ಹೀರುವ ಕೌಂಟ್ ಡ್ರಾಕುಲನ ಕಥೆಯನ್ನು ಓದಿದವರಿಗೆ ಆ ಮಾತು ಪರಿಚಿತವಾದುದೇ. ಈ ಹುಡುಗರು ಅವನಂತೆಯೇ ಹೆಗಲಿನಿಂದ ಇಳಿಬಿಟ್ಟ ಕರಿಯ ಹೊದಿಕೆಗಳನ್ನು ಧರಿಸಿ ರಂಗದ ಮೇಲೆ ನಿಲ್ಲುತ್ತಿದ್ದರು.

ಅವರ ಹಾಡಿನ ಜನ್ಮವೃತ್ತಾಂತವು ನಮ್ಮಂತಹ ಉಪಾಧ್ಯಾಯರು ಕೇಳತಕ್ಕುದಾಗಿದೆ. ಬರ್ನ್ ಎಂಬಾತನು ಸ್ಯಾನ್ ಹೋಸೆಯ ಸಿಟಿ ಕಾಲೇಜಿನಲ್ಲಿ ಆರೋಗ್ಯಶಾಸ್ತ್ರದ ಪಾಠಕ್ಕೆ ಕುಳಿತಿದ್ದನಂತೆ. ಅಧ್ಯಾಪಕರು ಚಿತ್ತವಿಕಾರಗಳ ಭೇದಗಳನ್ನು ವಿವರಿಸುತ್ತಿದ್ದರು. ಹುಡುಗನ ತಲೆಯಲ್ಲಿ ಮಾತ್ರ ಒಂದು ಧಾಟಿಯು ಸುಳಿಯುತ್ತಿದ್ದಿತು. ಆಗ ಪಕ್ಕದ ಗೆಳೆಯನು ಅವನ ಕಡೆಗೆ ಬಾಗಿ, ‘ಸೈಕಾಟಿಕ್ ರಿಯಾಕ್ಷನ್’ ಎಂಬುದು ಹಾಡಿಗೆ ಒಳ್ಳೆಯ ಹೆಸರಲ್ಲವೇ ಎಂದು ಪಿಸುಗುಟ್ಟಿದನು. ಚಿತ್ತಭ್ರಮೆಯ ಪ್ರತಿಕ್ರಿಯೆ ಎಂದು ಅದರ ತಾತ್ಪರ್ಯ. ಪ್ರೇಯಸಿಯ ಪ್ರೀತಿ ದೊರಕದೆ ಬುದ್ಧಿ ಕಲಕಿದವನ ಅಳಲಾಗಿ ಆ ಹೆಸರು ಹಾಡಿನಲ್ಲಿ ಕುಳಿತುಕೊಂಡಿತು. ಪಾಠದಲ್ಲಿ ಪಿಸುಮಾತಾಡಿದ ಹುಡುಗರನ್ನು ನಾವು ಎಷ್ಟು ಸಾರಿ ಬೆಂಚಿನ ಮೇಲೆ ನಿಲ್ಲಿಸಿಲ್ಲ!

ಹಾಡು ಮೂರು ನಿಮಿಷಗಳಿಗೆ ತುಸು ಹೆಚ್ಚು, ಅಷ್ಟೇ. ಮೊದಲು ಗಿಟಾರಿನ ದನಿಯು ದುಂಬಿಯ ಝೇಂಕಾರದಂತೆ ಒರಟಾಗಿ ಕೇಳುತ್ತದೆ. ಯಂತ್ರದ ಮೂಲಕ ಬೇಕೆಂದೇ ಹಾಗೆ ಕೆಡಿಸಿರುವರು. ನಡುವೆ ಲಯವು ಒಮ್ಮೆಲೇ ದುರಿತಕ್ಕೆ ಏರಿ, ವಾದ್ಯಗಳೆಲ್ಲ ಹುಚ್ಚು ಹೊಳೆಯಂತೆ ನುಗ್ಗುತ್ತವೆ. ಅನಂತರ ಏನೂ ಆಗಿಲ್ಲವೆಂಬಂತೆ ಮೊದಲಿನ ನಡೆಗೆ ಮರಳುತ್ತವೆ. ಇಂಗ್ಲೆಂಡಿನ ‘ಯಾರ್ಡ್‌ಬರ್ಡ್ಸ್’ ಎಂಬ ಮೇಳದ ಕ್ರಮವನ್ನು ಹುಡುಗರು ಅನುಸರಿಸಿದ್ದಾರೆಂದು ತಿಳಿದವರು ಹೇಳುವರು. ತ್ಯಾಗರಾಜರ ಕೃತಿಗಳಲ್ಲಿ ಬೆಳೆದ ನಮ್ಮ ಕಿವಿಗೆ ಇದು ಮೊದಲು ಗದ್ದಲವಾಗಿಯೇ ಕೇಳಿಸಿತು. ಎರಡನೆಯ ಸಾರಿ ಕೇಳುವಾಗ, ಬುದ್ಧಿ ಕಲಕಿದವನ ಮನಸ್ಸು ಓಡುವ ರೀತಿಯನ್ನು ಲಯದ ಪಲ್ಲಟದಿಂದಲೇ ತೋರಿಸಿದ್ದಾರೆಂಬುದು ಗೊತ್ತಾಯಿತು.

ಹಲವು ಕಂಪನಿಗಳು ಬೇಡವೆಂದ ಮೇಲೆ ಲಾಸ್ ಏಂಜಲೀಸಿನ ‘ಡಬಲ್ ಶಾಟ್’ ಎಂಬ ಕಂಪನಿಯವರು ೧೯೬೬ರಲ್ಲಿ ಇದರ ತಟ್ಟೆಯನ್ನು ಹೊರತಂದರು. ಆ ವರ್ಷದ ಶರತ್ಕಾಲದಲ್ಲಿ ಹಾಡು ಅಮೆರಿಕದ ಜನಪ್ರಿಯ ಗೀತೆಗಳ ಪಟ್ಟಿಯಲ್ಲಿ ಐದನೆಯ ಸ್ಥಾನಕ್ಕೆ ಏರಿತು. ಬಿಸಿಯಿದ್ದಾಗಲೇ ಬಡಿಯಬೇಕೆಂದು ಅವಸರದಲ್ಲಿ ಹಾಡುಗಳ ದೊಡ್ಡ ತಟ್ಟೆಯೊಂದನ್ನೂ ಮಾಡಿಸಿದರು. ಅದರಲ್ಲಿ ಎರಡು ಹಾಡುಗಳು ಇಂಗ್ಲೆಂಡಿನ ‘ದಿ ಹೂ’ ಎಂಬ ಮೇಳದಿಂದ ಎರವಲು ತಂದವು. ತರುವಾಯ ಬಂದ ಹಾಡುಗಳಾವುವೂ ಜನರ ಮನಸ್ಸಿಗೆ ಹತ್ತಲಿಲ್ಲ.

ಹುಡುಗರ ವಯಸ್ಸು ಆಗ ಹದಿನೇಳರಿಂದ ಹತ್ತೊಂಬತ್ತು. ದೇಶದಲ್ಲೆಲ್ಲ ಸಂಚರಿಸಿ ಹಾಡಬೇಕೆಂದು ಕರೆಗಳು ಬಂದವು. ಹತ್ತು ಲಕ್ಷ ಡಾಲರುಗಳಷ್ಟು ಸಂಪಾದನೆಯನ್ನು ಅವರು ಬಿಟ್ಟುಕೊಟ್ಟರೆಂದು ಪ್ರತೀತಿಯುಂಟು. ಮೊತ್ತವು ಎಷ್ಟೇ ಆಗಿರಲಿ, ಅವರು ಕಾಲೇಜಿನ ವ್ಯಾಸಂಗವನ್ನು ಹಿಡಿದರೆಂಬುದು ನಿಜ. ಅದು ವಿಯಟ್ನಾಮ್ ಯುದ್ಧದ ಕಾಲವೆಂಬುದನ್ನೂ ವಾಚಕರು ನೆನೆಯಬೇಕು. ತರುಣರನ್ನು ಕಡ್ಡಾಯವಾಗಿ ಸೈನ್ಯಕ್ಕೆ ಸೇರಿಸುತ್ತಿದ್ದರು. ಕ್ರಮವಾಗಿ ಓದುತ್ತಿದ್ದ ವಿದ್ಯಾರ್ಥಿಗಳಿಗೆ ಮಾತ್ರ ಅದನ್ನು ಮುಂದಕ್ಕೆ ಹಾಕುವ ಸವಲತ್ತು ದೊರೆಯುತ್ತಿದ್ದಿತು. ಕಾಲೇಜು ಬಿಟ್ಟ ಹುಡುಗನ ಹೆಸರು ಬೇರೊಂದು ಪಟ್ಟಿಗೆ ಏರುವ ಸಂಭವವಿದ್ದಿತು. ಆ ದಶಕವು ಮುಗಿಯುವಷ್ಟರಲ್ಲಿ ಮೇಳವು ಮುರಿಯಿತು. ಆಟ್ಕಿನ್‌ಸನ್ನನು ೧೯೯೮ರಲ್ಲಿಯೂ ಬರ್ನನು ೨೦೦೮ರಲ್ಲಿಯೂ ತೀರಿಕೊಂಡರು.

ಹಾಡು ಮಾತ್ರ ಸಾಯಲಿಲ್ಲ. ೧೯೭೧ರಲ್ಲಿ ಲೆಸ್ಟರ್ ಬ್ಯಾಂಗ್ಸ್ ಎಂಬ ವಿಮರ್ಶಕನು ಈ ಮೇಳವನ್ನು ಕುರಿತು ಒಂದು ವಿನೋದಲೇಖನವನ್ನು ಬರೆದನು. ಮೇಳದವರು ಎಂದೂ ಮಾಡದಿದ್ದ ತಟ್ಟೆಗಳಿಗೆ ತಾನೇ ಹೆಸರಿಟ್ಟು, ಅವುಗಳ ಗುಣದೋಷಗಳನ್ನು ಗಂಭೀರವಾಗಿ ಚರ್ಚಿಸಿದನು! ೧೯೭೨ರಲ್ಲಿ ಲೆನಿ ಕೇ ಎಂಬಾತನು ಇಂತಹ ಮರೆತ ಮೇಳಗಳ ಹಾಡುಗಳನ್ನು ಆಯ್ದು ‘ನಗೆಟ್ಸ್’ ಎಂಬ ಸಂಗ್ರಹವನ್ನು ಹೊರಡಿಸಿದನು. ‘ಸೈಕಾಟಿಕ್ ರಿಯಾಕ್ಷನ್’ ಅದರಲ್ಲಿ ಸೇರಿ, ಮುಂದಿನ ತಲೆಮಾರಿನ ಹುಡುಗರಿಗೆ ಪಾಠವಾಯಿತು.

ಈ ಸಂಗ್ರಹದ ಮಾತು ನಮಗೆ ನಮ್ಮ ಸುಭಾಷಿತಕೋಶಗಳನ್ನು ನೆನಪಿಗೆ ತಂದಿತು. ವಂಗದೇಶದ ಶ್ರೀಧರದಾಸನು ೧೨೦೫ರಲ್ಲಿ ಕೂಡಿಸಿದ ‘ಸದುಕ್ತಿಕರ್ಣಾಮೃತ’ದಲ್ಲಿ ನೂರಾರು ಕವಿಗಳ ಹೆಸರುಗಳುಂಟು. ಅವರಲ್ಲಿ ಅನೇಕರದು ಒಂದೋ ಎರಡೋ ಶ್ಲೋಕಗಳು ಮಾತ್ರ ಉಳಿದಿವೆ. ಅವರ ಊರು ಯಾವುದು, ಹೊಟ್ಟೆಪಾಡು ಏನಿದ್ದಿತು ಎಂಬುದೊಂದೂ ತಿಳಿಯದು. ಆದರೂ ಆ ಒಂದು ಶ್ಲೋಕವನ್ನು ಓದುವಾಗ, ‘ಅಯ್ಯೋ, ಇವನು ಮಹಾಕಾವ್ಯವನ್ನು ಬರೆಯಲಿಲ್ಲವಲ್ಲ’ ಎಂದು ಯಾವ ಸಹೃದಯನೂ ಕೊರಗುವುದಿಲ್ಲ. ಅಮೆರಿಕದವರಾದರೋ ಇಂತಹವರನ್ನು ‘ಒಂದೇ ಗೆಲುವಿನವರು’ ಎಂದು ಕೊಂಚ ಲಘುವಾಗಿ ಕರೆಯುವರು. ಅವರ ಅಳತೆಗೋಲು ವ್ಯಾಪಾರದ್ದು.

ಮೂರ್‌ಪಾರ್ಕ್ ಬೀದಿಯ ಪಕ್ಕದಲ್ಲಿರುವ ಆ ಕಾಲೇಜಿನ ಸುತ್ತ ನಾವು ಹಲವು ಸಂಜೆ ಅಡ್ಡಾಡಿದೆವು. ಚೀಲವನ್ನು ಬೆನ್ನಿಗೆ ಹಾಕಿಕೊಂಡ ಹುಡುಗ ಹುಡುಗಿಯರು ಕಿವಿಯಲ್ಲಿ ಸಂಗೀತದ ತಂತಿಗಳನ್ನಿಟ್ಟುಕೊಂಡು ಪಾಠಕ್ಕೆ ಹೋಗುತ್ತಿದ್ದರು. ಕಣಿವೆಯ ತೋಟಗಳಲ್ಲಿ ಈಗ ಉಳಿದಿರುವುದು ಅತ್ಯಲ್ಪ. ನೆರೆಯ ಸಾರಟೋಗ ಊರಿನವರು ಸುಮಾರು ಹದಿನಾಲ್ಕು ಎಕರೆಯ ಹಣ್ಣಿನ ತೋಟವೊಂದನ್ನು ಪುರಾತನ ವಸ್ತುವಿನಂತೆ ಕಾಪಾಡಿಕೊಂಡಿದ್ದಾರೆ.

ಗೃಹಸ್ಥರಾದ ನಮ್ಮ ವಾಚಕರ ಮನೆಗಳಲ್ಲಿಯೂ ಹಾಡಿನ ಹುಚ್ಚಿನ ಮಗನೋ ಮಗಳೋ ಇರುವುದುಂಟು. ಓದನ್ನು ಬಿಟ್ಟು ಹಾಡಿಗೆ ಹೋಗಲೆಂದು ಕೆಲವರು, ಹಾಡನ್ನು ಬಿಟ್ಟು ಓದಲೆಂದು ಕೆಲವರು ಮನೆಯಲ್ಲಿ ಜಗಳವಾಡುವರು. ಸ್ಯಾನ್ ಹೋಸೆಯ ಐವರು ಎರಡನ್ನೂ ಕಂಡವರು. ಹಾಡು ಪಾಠದ ನಡುವೆ ಹುಟ್ಟಿತು. ಹಾಡಿದ ಮೇಲೆ ಅವರು ಪಾಠಕ್ಕೆ ಮರಳಿದರು. ಆ ಹುಡುಗರಿಗೆ ಮನೆಯಲ್ಲೊಂದು ಕೊಟ್ಟಿಗೆಯೂ ಗದ್ದಲವನ್ನು ಸಹಿಸುವ ತಂದೆತಾಯಿಗಳೂ ಇದ್ದರೆಂಬುದನ್ನು ಹಿರಿಯರು ಗಮನಿಸುವುದು ಒಳ್ಳೆಯದು.