ಹರಳು, ಎಕ್ಸ್-ರೇ ಮತ್ತೊಂದು ಲೈಸೆನ್ಸ್ ಫಾರಂ

ಬಹಳ ದಿನಗಳಿಂದ ಬರೆಯಬೇಕು ಅಂದುಕೊಂಡಿದ್ದೆ. ಹರಳುಗಳ ಲೆಕ್ಕ ಹಾಕುವ ಸಾಫ್ಟ್‌ವೇರಿನ ಲೈಸೆನ್ಸ್ ಬಗ್ಗೆ ಅಂದ ಕೂಡಲೇ ನಿಮ್ಮಲ್ಲಿ ಅರ್ಧ ಜನ ಎದ್ದು ಹೋಗುತ್ತೀರಿ ಅಂತ ಗೊತ್ತು. ಉಳಿದವರು ಸ್ವಲ್ಪ ಕೂತುಕೊಳ್ಳಿ, ಕಾಫಿ ಇದ್ದರೆ ತಂದುಕೊಳ್ಳಿ :-)

ಕನ್ನಡದಲ್ಲಿ ನಮಗೊಂದು ಅನುಕೂಲ ಇದೆ. ಇಂಗ್ಲಿಷಿನವರು ಎರಡಕ್ಕೂ 'ಫ್ರೀ' ಅಂತ ಒಂದೇ ಪದ ಹೇಳಿ ಆಮೇಲೆ ಅರ್ಧ ಗಂಟೆ ವಿವರಣೆ ಕೊಡಬೇಕು. ನಮ್ಮಲ್ಲಿ ಪುಕ್ಕಟೆ ಬೇರೆ, ಮುಕ್ತ ಬೇರೆ. 'ಬರಹ' ನಮಗೆಲ್ಲ ಪುಕ್ಕಟೆ ಸಿಗುತ್ತಿದ್ದ ಕಾಲದಲ್ಲೂ ಅದರ ಸೋರ್ಸ್ ಕೋಡ್ ಸಿಗುತ್ತಿರಲಿಲ್ಲ, ನೆನಪಿದೆಯಾ? ಈ ವ್ಯತ್ಯಾಸ ನನಗೆ ಹೊಟ್ಟೆಪಾಡಿನ ವಿಷಯವಾಗಿದ್ದು ಮಾತ್ರ ಹರಳುಗಳಿಂದ.

ನಾನು ಪಿಎಚ್‌ಡಿ ಮಾಡಿದ್ದು ಕ್ರಿಸ್ಟಲೋಗ್ರಫಿಯಲ್ಲಿ. ಏನದು ಅಂತ ಕೇಳಿದರೆ ನಮ್ಮಮ್ಮನಿಗೆ ಹೇಳಿದ ಹಾಗೇ ಹೇಳುತ್ತೇನೆ. ಕಲ್ಲುಸಕ್ಕರೆಯ ಒಂದು ಸಣ್ಣ ಚೂರಿನ ಮೇಲೆ ಎಕ್ಸ್-ರೇ ಬಿಟ್ಟರೆ ಕಿರಣ ಚದುರಿ ಆಚೆ ಕಡೆ ರಾಶಿ ರಾಶಿ ಚುಕ್ಕೆಗಳು ಬೀಳುತ್ತವೆ. ಪ್ರತಿ ಚುಕ್ಕೆ ಎಷ್ಟು ಪ್ರಖರ ಅಂತ ಅಳೆಯಬಹುದು. ಆದರೆ ಆ ಅಲೆ ಯಾವ ಹಂತದಲ್ಲಿ ಬಂದು ಬಡಿಯಿತು, ಅಂದರೆ ಅದರ ಫೇಸ್, ಅಳತೆಯಲ್ಲೇ ಕಳೆದುಹೋಗುತ್ತದೆ. ಮದುವೆ ಮನೆಯಲ್ಲಿ ಎಂಜಲೆಲೆ ಎಣಿಸಿ ಎಷ್ಟು ಜನ ಉಂಡರು ಅಂತ ಹೇಳಬಹುದು, ಯಾರು ಯಾವ ಪಂಕ್ತಿಯಲ್ಲಿ ಕೂತಿದ್ದರು ಅಂತ ಹೇಳಲಾಗುವುದಿಲ್ಲವಲ್ಲ, ಹಾಗೆ. ಕಳೆದುಹೋದದ್ದನ್ನು ಊಹಿಸಿ, ಪರಮಾಣುಗಳನ್ನು ಅವುಗಳ ಜಾಗದಲ್ಲಿ ಕೂರಿಸಿ, ಲೆಕ್ಕಕ್ಕೂ ಅಳತೆಗೂ ತಾಳೆಯಾಗುವ ತನಕ ತಿದ್ದುವುದೆಲ್ಲ ಪ್ರೋಗ್ರಾಂ ಕೆಲಸ. ಹಾಗಾಗಿ ಪ್ರಬಂಧದಲ್ಲಿ ಅಚ್ಚಾಗುವ ಅಣುವಿನ ಚಿತ್ರವನ್ನು ನಾವ್ಯಾರೂ ಕಣ್ಣಾರೆ ಕಂಡಿರುವುದಿಲ್ಲ. ಪ್ರೋಗ್ರಾಂ ಲೆಕ್ಕ ಹಾಕಿ ಹೇಳಿರುತ್ತದೆ, ನಾವು ನಂಬಿರುತ್ತೇವೆ.

ಆ ನಂಬಿಕೆಯ ದೊಡ್ಡ ಪಾಲು ಶೆಲೆಕ್ಸ್ ಎಂಬ ಪ್ರೋಗ್ರಾಂಗಳ ಗುಂಪಿಗೆ ಸಲ್ಲಬೇಕು. ಜಾರ್ಜ್ ಶೆಲ್ಡ್ರಿಕ್ ಅಂತ ಒಬ್ಬರು 1970ರ ಸುಮಾರಿಗೆ ಕೇಂಬ್ರಿಡ್ಜ್‌ನಲ್ಲಿ, ಪಂಚ್ ಕಾರ್ಡುಗಳ ಕಾಲದಲ್ಲಿ, ಫೋರ್‌ಟ್ರಾನ್‌ನಲ್ಲಿ ಶುರು ಮಾಡಿದ್ದು. ಆಮೇಲೆ ಜರ್ಮನಿಯ ಗಟಿಂಗನ್‌ಗೆ ಹೋಗಿ ದಶಕಗಟ್ಟಲೆ ಅದನ್ನೇ ಬೆಳೆಸಿದರು. 2025ರಲ್ಲಿ ತೀರಿಕೊಂಡರು. 2008ರಲ್ಲಿ ಅವರು ಶೆಲೆಕ್ಸ್‌ನ ಚರಿತ್ರೆಯನ್ನು 'ಆಕ್ಟಾ ಕ್ರಿಸ್ಟಲೋಗ್ರಾಫಿಕಾ ಎ' ಪತ್ರಿಕೆಯಲ್ಲಿ ಬರೆದರು. ಬಳಸಿದವರೆಲ್ಲ ಅದನ್ನು ಉಲ್ಲೇಖಿಸಿ ಉಲ್ಲೇಖಿಸಿ, 2ರ ಆಸುಪಾಸಿನಲ್ಲಿದ್ದ ಆ ಪತ್ರಿಕೆಯ ಇಂಪ್ಯಾಕ್ಟ್ ಫ್ಯಾಕ್ಟರ್ 2009ಕ್ಕೆ 49 ದಾಟಿಬಿಟ್ಟಿತು! ಒಂದೇ ಪ್ರಬಂಧದಿಂದ!

ಆ ಪ್ರಬಂಧದ ಸಾರಾಂಶದಲ್ಲಿ ಶೆಲ್ಡ್ರಿಕ್ ತಮ್ಮ ಪ್ರೋಗ್ರಾಂಗಳನ್ನು ಓಪನ್ ಸೋರ್ಸ್ ಅಂತಲೇ ಕರೆದುಕೊಂಡಿದ್ದಾರೆ. ಆದರೆ ಲೈಸೆನ್ಸ್ ಏನು? ವಿಶ್ವವಿದ್ಯಾಲಯದವರಾದರೆ ಫಾರಂ ತುಂಬಿ ಸಹಿ ಹಾಕಿ ಕಳಿಸಿ, ಪುಕ್ಕಟೆ. ಲಾಭಕ್ಕಾಗಿ ನಡೆಯುವ ಕಂಪನಿಯಾದರೆ ದುಡ್ಡು ಕೊಡಿ. 1998ರಲ್ಲಿ ಹುಟ್ಟಿದ ಓಪನ್ ಸೋರ್ಸ್ ಇನಿಷಿಯೇಟಿವ್‌ನ ವ್ಯಾಖ್ಯಾನ ಹಿಡಿದು ನೋಡಿದರೆ ಇದು ಓಪನ್ ಸೋರ್ಸ್ ಅಲ್ಲ. ಯಾವ ಕೆಲಸಕ್ಕೆ ಬಳಸುತ್ತೀರಿ ಅಂತ ನೋಡಿ ಭೇದ ಮಾಡಬಾರದು ಅನ್ನುವುದು ಅವರ ನಿಯಮಗಳಲ್ಲೊಂದು. ನಾನೇನೂ ಶೆಲ್ಡ್ರಿಕ್ ಮೇಲೆ ತಪ್ಪು ಹೊರಿಸುತ್ತಿಲ್ಲ, ಜಗತ್ತಿನ ಅದೆಷ್ಟು ಬಡ ಲ್ಯಾಬುಗಳು ಅವರ ಋಣದಲ್ಲಿವೆಯೋ. ಹಳೇ ಕಾಲದ ವಿಜ್ಞಾನಿಗಳಿಗೆ 'ಕೇಳಿದವರಿಗೆ ಕೊಡುತ್ತೇನೆ' ಅನ್ನುವುದೇ ಓಪನ್ ಆಗಿತ್ತು, ಅಷ್ಟೆ.

ಪಿಎಚ್‌ಡಿ ಮುಗಿಸಿ ನಾನು ಸೇರಿದ್ದು ಬೊಮ್ಮಸಂದ್ರದ ಕಡೆ ಒಂದು ಸಣ್ಣ ಕಂಪನಿ. ಔಷಧಿ ತಯಾರಿಸುವವರು ಪುಡಿ ಕಳಿಸುತ್ತಾರೆ, ಅದು ಯಾವ ರೂಪದ ಹರಳು ಅಂತ ನೋಡಿ ಹೇಳುವುದು ನಮ್ಮ ಕೆಲಸ. ಒಂದೇ ರಾಸಾಯನಿಕ ಬೇರೆ ಬೇರೆ ರೀತಿಯಲ್ಲಿ ಹರಳುಗಟ್ಟಬಹುದು. ಒಂದು ಹೊಟ್ಟೆಯಲ್ಲಿ ಬೇಗ ಕರಗುತ್ತದೆ, ಇನ್ನೊಂದು ನಿಧಾನ. ಹೋದ ವಾರದ ತನಕ ಸಲೀಸಾಗಿ ಬಳಸುತ್ತಿದ್ದ ಪ್ರೋಗ್ರಾಂಗಳಲ್ಲಿ ಅರ್ಧಕ್ಕರ್ಧ ಈ ವಾರ ಬಳಸುವ ಹಾಗಿಲ್ಲ. ನಮ್ಮ ಗೈಡ್‌ಗೆ ಫೋನ್ ಮಾಡಿ ಗೋಳು ತೋಡಿಕೊಂಡೆ. "ಲೈಸೆನ್ಸ್ ಕೊಟ್ಟಿರೋದು ನಿನಗಲ್ಲ ಕಣಯ್ಯ, ನೀನು ಮಾಡ್ತಿದ್ದ ಕೆಲಸಕ್ಕೆ" ಅಂದರು. ಲ್ಯಾಬಿನ ಜೂನಿಯರ್ ಹುಡುಗ ಮಾತ್ರ "ಫೈಲ್ ಕಳಿಸಿ ಸಾರ್, ಇಲ್ಲೇ ಓಡಿಸಿ ಕೊಡ್ತೀನಿ" ಅಂದ. ಬೇಡ ಅಂದೆ. ನಮ್ಮ ರಿಪೋರ್ಟಿನ ಮೇಲೆ ಯಾವುದೋ ಮಾತ್ರೆಯ ಕಡತ ನಿಂತಿರುತ್ತದೆ, ಯಾವುದರಲ್ಲಿ ಮಾಡಿದಿರಿ ಅಂತ ಕೇಳಿದರೆ ಏನು ಹೇಳಲಿ? ಬಾಸ್‌ಗಂತೂ ಅರ್ಥವೇ ಆಗಲಿಲ್ಲ. "ಎಲ್ಲಾ ಪುಕ್ಕಟೆ ಅಂದಿದ್ರಲ್ಲ ಇಂಟರ್‌ವ್ಯೂನಲ್ಲಿ?"

ದುಡ್ಡಿನ ಮಾತು ಒಂದು ಕಡೆ ಇರಲಿ. ಕೋಡ್ ಕಾಣಬೇಕು ಅಂತ ನಾನು ಹಟ ಹಿಡಿಯುವುದಕ್ಕೆ ಬೇರೆ ಕಾರಣ ಇದೆ. ಈ ಕ್ಷೇತ್ರದಲ್ಲಿ ಇರುವವರಿಗೆಲ್ಲ ಗೊತ್ತಿರುವ ಕತೆ, ಆದರೂ ಹೇಳುತ್ತೇನೆ. 2001ರಲ್ಲಿ ಅಮೆರಿಕದ ಸ್ಕ್ರಿಪ್ಸ್ ಸಂಸ್ಥೆಯ ಜೆಫ್ರಿ ಚಾಂಗ್ ತಂಡದವರು ಎಂಎಸ್‌ಬಿಎ ಎಂಬ ಪ್ರೋಟೀನಿನ ರಚನೆಯನ್ನು 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಭಾರೀ ಹೆಸರಾಯಿತು, ನೂರಾರು ಜನ ಅದನ್ನು ನಂಬಿ ಮುಂದಿನ ಕೆಲಸ ಮಾಡಿದರು. 2006ರಲ್ಲಿ ಸ್ವಿಟ್ಜರ್ಲೆಂಡಿನ ಡಾಸನ್ ಮತ್ತು ಲೋಖರ್ ಅದೇ ಕುಟುಂಬದ ಇನ್ನೊಂದು ಪ್ರೋಟೀನಿನ ರಚನೆ ಹೊರತಂದರು. ಎರಡಕ್ಕೂ ತಾಳೆಯೇ ಇಲ್ಲ. ಹುಡುಕಿದಾಗ ಸಿಕ್ಕಿದ್ದು ಇಷ್ಟೇ: ಚಾಂಗ್ ಲ್ಯಾಬಿನಲ್ಲಿ ಬಳಸುತ್ತಿದ್ದ ಒಂದು ಸ್ವಂತ ಪ್ರೋಗ್ರಾಂ ಎರಡು ಕಾಲಂಗಳನ್ನು ಅದಲು ಬದಲು ಮಾಡುತ್ತಿತ್ತು. ಪ್ಲಸ್ ಇದ್ದಲ್ಲಿ ಮೈನಸ್. ಅಷ್ಟಕ್ಕೇ ಬಲಗೈ ಎಡಗೈ ಆಗುವಂತೆ ಇಡೀ ರಚನೆ ಕನ್ನಡಿ ಬಿಂಬವಾಗಿಬಿಟ್ಟಿತ್ತು. ಐದು ಪ್ರಬಂಧಗಳನ್ನು ವಾಪಸ್ ಪಡೆಯಬೇಕಾಯಿತು. ಮೋಸ ಅಲ್ಲ, ವಂಚನೆ ಅಲ್ಲ, ಒಂದು ಚಿಹ್ನೆ!

ಕೋಡ್ ಮುಕ್ತವಾಗಿದ್ದರೆ ಐದು ವರ್ಷ ಮೊದಲೇ ಸಿಕ್ಕಿಬೀಳುತ್ತಿತ್ತು ಅಂತ ನಾನು ಹೇಳಲಾರೆ. ಮುಕ್ತವಾಗಿಟ್ಟದ್ದನ್ನೆಲ್ಲ ಯಾರು ಓದುತ್ತಾರೆ ಹೇಳಿ! ಆದರೆ ಅನುಮಾನ ಬಂದವನಿಗೆ ತೆರೆದು ನೋಡಲು ಒಂದು ಬಾಗಿಲಾದರೂ ಇರುತ್ತಿತ್ತು. 1963ರಲ್ಲಿ ಮದರಾಸಿನಿಂದ ಜಿ.ಎನ್. ರಾಮಚಂದ್ರನ್ ತಂಡದವರು ಪ್ರಕಟಿಸಿದ ನಕ್ಷೆಯನ್ನು ನೋಡಿ (ಮುಂದೆ ಅವರು ನಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ಗೇ ಬಂದರಲ್ಲ). ಪ್ರೋಟೀನಿನ ಸರಪಳಿ ಯಾವ ಕೋನದಲ್ಲಿ ಮಣಿಯಬಹುದು, ಯಾವುದರಲ್ಲಿ ಆಗದು ಅನ್ನುವ ಲೆಕ್ಕ. ಯಾವ ಕಾಲೇಜು ಹುಡುಗಿ ಬೇಕಾದರೂ ಅದನ್ನು ಮತ್ತೆ ಹಾಕಿ ಪರೀಕ್ಷಿಸಬಹುದು. ಲೆಕ್ಕ ಕಾಗದದ ಮೇಲಿದ್ದಾಗ ಇದ್ದ ಹಕ್ಕು ಕೋಡ್ ಆದ ಕೂಡಲೇ ಯಾಕೆ ಹೋಗಬೇಕು?

ಹಾಗಂತ ಬರೆಯುವವರ ಹೊಟ್ಟೆ? ಬ್ರಿಟನ್ನಿನಲ್ಲಿ 1979ರಲ್ಲಿ ಶುರುವಾದ ಸಿಸಿಪಿ4ನವರು ವಿದ್ಯಾಸಂಸ್ಥೆಗಳಿಗೆ ಪುಕ್ಕಟೆ ಕೊಟ್ಟು ಔಷಧಿ ಕಂಪನಿಗಳಿಂದ ಶುಲ್ಕ ತೆಗೆದುಕೊಂಡು ಅದರಲ್ಲಿ ಕೆಲಸ ನಡೆಸುತ್ತಾರೆ. ಅದರ ಲೈಬ್ರರಿಗಳು ಮಾತ್ರ ಎಲ್‌ಜಿಪಿಎಲ್, ಅದೂ ಬ್ರಿಟನ್ ಕಾನೂನಿಗೆ ಹೊಂದುವಂತೆ ಸ್ವಲ್ಪ ತಿದ್ದಿದ್ದು (ವಕೀಲರು ಎಲ್ಲಿ ಬಿಡುತ್ತಾರೆ). ಪೈಮಾಲ್ ಬರೆದ ವಾರನ್ ಡಿಲಾನೋ ಇನ್ನೊಂದು ದಾರಿ ಹಿಡಿದರು. ಕೋಡ್ ಎಲ್ಲರಿಗೂ, ಕಂಪೈಲ್ ಮಾಡಿ ಸಿದ್ಧವಾಗಿಟ್ಟ ಹೊಸ ಆವೃತ್ತಿ 2006ರಿಂದ ಚಂದಾದಾರರಿಗೆ. ಅಕ್ಕಿ ಪುಕ್ಕಟೆ, ಅನ್ನಕ್ಕೆ ದುಡ್ಡು! ಆಗ ಕೆಲವರು ಗೊಣಗಿದರು, ನನಗೇನೋ ಇದು ನ್ಯಾಯ ಅನಿಸುತ್ತದೆ. 2009ರ ನವೆಂಬರಿನಲ್ಲಿ, ಬರೀ 37ನೇ ವಯಸ್ಸಿಗೆ, ಡಿಲಾನೋ ಹೋಗಿಬಿಟ್ಟರು. ಮರುವರ್ಷ ಶ್ರೋಡಿಂಗರ್ ಕಂಪನಿ ಪೈಮಾಲನ್ನು ವಹಿಸಿಕೊಂಡಿತು. ಮುಕ್ತ ಆವೃತ್ತಿ ಇವತ್ತಿಗೂ ಇದೆ. ಒಂದೇ ತಲೆಯಲ್ಲಿ, ಒಂದೇ ಕಂಪ್ಯೂಟರಿನಲ್ಲಿ ಬೀಗ ಹಾಕಿಕೊಂಡಿರುವ ಪ್ರೋಗ್ರಾಂಗಳು ನಮ್ಮ ಕ್ಷೇತ್ರದಲ್ಲಿ ಇನ್ನೂ ಇವೆ, ಅವುಗಳ ಗತಿ ನೆನೆಸಿಕೊಂಡರೆ ಭಯವಾಗುತ್ತದೆ.

ನಮ್ಮ ಆಫೀಸಿನಲ್ಲಿ ಪುಡಿಯ ಕೆಲಸಕ್ಕೆ ಈಗ ಜಿಸಾಸ್-2 ಬಳಸುತ್ತಿದ್ದೇವೆ. ಅಮೆರಿಕದ ಆರ್ಗಾನ್ ಪ್ರಯೋಗಾಲಯದ ಟೋಬಿ ಮತ್ತು ವಾನ್ ಡ್ರೀಲೆ ಪೈಥಾನ್‌ನಲ್ಲಿ ಬರೆದದ್ದು, ಕೋಡ್ ಪೂರ್ತಿ ಮುಕ್ತ. ಕಳೆದ ತಿಂಗಳು ಗ್ರಾಹಕರೊಬ್ಬರು ಬ್ಯಾಕ್‌ಗ್ರೌಂಡ್ ಹೇಗೆ ಲೆಕ್ಕ ಹಾಕಿದಿರಿ ಅಂತ ಪಟ್ಟು ಹಿಡಿದರು. ಫೈಲ್ ತೆರೆದು, ಆ ಸಾಲುಗಳನ್ನೇ ಗುರುತು ಹಾಕಿ ಕಳಿಸಿದೆ. ಮತ್ತೆ ಪ್ರಶ್ನೆ ಬರಲಿಲ್ಲ. ಒಂಟಿ ಹರಳಿನ ಕೆಲಸಕ್ಕೆ ಶೆಲೆಕ್ಸ್ ಲೈಸೆನ್ಸ್ ಬೇಕು ಅಂತ ಬರೆದುಕೊಟ್ಟ ಪತ್ರ ಇನ್ನೂ ಅಕೌಂಟ್ಸ್‌ನವರ ಮೇಜಿನ ಮೇಲಿದೆ. ಅಷ್ಟರಲ್ಲಿ ಓಲೆಕ್ಸ್-2ರಲ್ಲಿ, ಸಿಸಿಟಿಬಿಎಕ್ಸ್ ಎಂಬ ಮುಕ್ತ ಲೈಬ್ರರಿಯ ಮೇಲೆ ಕಟ್ಟಿರುವ ರಿಫೈನ್‌ಮೆಂಟ್ ಪ್ರೋಗ್ರಾಂ ಓಡಿಸಿ ನೋಡುತ್ತಿದ್ದೇನೆ. ನನ್ನ ಪಿಎಚ್‌ಡಿ ಕಾಲದ ಹನ್ನೊಂದು ಹರಳುಗಳ ಡೇಟಾ ಇದೆ, ಅಂದಿನ ಶೆಲೆಕ್ಸ್ ಉತ್ತರಗಳೂ ಇವೆ. ಇಲ್ಲಿಯವರೆಗೆ ನಾಲ್ಕು ತಾಳೆಯಾಗಿವೆ. ಐದನೆಯದು ಸ್ವಲ್ಪ ತಕರಾರು ಮಾಡುತ್ತಿದೆ, ಯಾಕೆ ಅಂತ ಕೋಡ್ ಓದುತ್ತಾ ಕೂತಿದ್ದೇನೆ. ಗೊತ್ತಾದರೆ ಇಲ್ಲೇ ಬರೆಯುತ್ತೇನೆ.